ಕಾವಲಿನ ಮೇಲಿನ ಆಕಾಶಕ್ಕೂ ಒಂದು ಕಾನೂನು ಬೇಕು

2023ರ ಜೂನ್ 16ರ ಬೆಳಿಗ್ಗೆ 7.35ಕ್ಕೆ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿರುವ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆಯಿಂದ 'ತಪಸ್' ಹೆಸರಿನ ಮಾನವರಹಿತ ವಿಮಾನವೊಂದು ಮೇಲೇರಿತು. ಅಲ್ಲಿಂದ ಕಾರವಾರದ ನೌಕಾನೆಲೆಗೆ 285 ಕಿ.ಮೀ. ದೂರ. ಆ ನೆಲೆಯಿಂದಲೂ 148 ಕಿ.ಮೀ. ಆಚೆಗಿದ್ದ ಐಎನ್‌ಎಸ್ ಸುಭದ್ರಾ ಹಡಗಿನ ಸಿಬ್ಬಂದಿ ವಿಮಾನದ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡು 40 ನಿಮಿಷ ನಡೆಸಿದರು. 20 ಸಾವಿರ ಅಡಿ ಎತ್ತರದಲ್ಲಿ ಮೂರೂವರೆ ಗಂಟೆ ಹಾರಿದ ವಿಮಾನ, ಹೊರಟ ಓಡುದಾರಿಗೇ ಮರಳಿ ಬಂದು ಇಳಿಯಿತು. ದೇಶದ ರಕ್ಷಣಾ ಸಂಶೋಧನೆಯ ಮಟ್ಟಿಗೆ ಇದು ಹೆಮ್ಮೆಯ ಸಂಗತಿಯೇ ಸರಿ.

ಅದೇ ತಾಲ್ಲೂಕಿನ ಮತ್ತೊಂದು ಆಕಾಶವನ್ನೂ ನೋಡೋಣ. ಚಳ್ಳಕೆರೆಯಿಂದ ಮೊಳಕಾಲ್ಮುರಿನ ತಾಲ್ಲೂಕು ಆಸ್ಪತ್ರೆಗೆ ಎರಡು ಕೆ.ಜಿ. ತೂಕದ ಔಷಧದ ಪೆಟ್ಟಿಗೆಯನ್ನು ಡ್ರೋನ್ ಮೂಲಕ ಕಳುಹಿಸಬೇಕೆಂದು ಯಾರಾದರೂ ಬಯಸಿದರೆ, ಅದಕ್ಕೆ ಇಂಥದೇ ಅರ್ಜಿ, ಇಷ್ಟೇ ದಿನ, ಇಂಥವೇ ಷರತ್ತು ಎಂದು ಬೆರಳಿಟ್ಟು ತೋರಿಸುವ ನಿಯಮ 2021ರ ಡ್ರೋನ್ ನಿಯಮಾವಳಿಯಲ್ಲಿ ಇಲ್ಲ. ಹಾರಿಸುವವನ ಕಣ್ಣಿಗೆ ಕಾಣುವಷ್ಟು ದೂರದೊಳಗೆ ಡ್ರೋನ್ ಹಾರಿಸುವುದು ಇಂದು ಸುಲಭ. ಕಣ್ಣಳತೆಯನ್ನು ದಾಟಿತೋ, ಮಾತು ನಿಯಮದಿಂದ ವಿನಾಯಿತಿಗೆ ಜಾರುತ್ತದೆ. ವಿನಾಯಿತಿ ಎಂಬುದು ಹಕ್ಕಲ್ಲ. ಅದು ಕೊಡುವವರ ವಿವೇಚನೆ. ವಿವೇಚನೆಯ ಮೇಲೆ ನಿಂತ ಸೇವೆಯನ್ನು ನಂಬಿ ಯಾವ ಆಸ್ಪತ್ರೆಯೂ ತನ್ನ ಔಷಧ ದಾಸ್ತಾನಿನ ಲೆಕ್ಕ ಹಾಕಲಾರದು.

ಈ ಸ್ಥಿತಿಗೆ ನಾವು ಬಂದ ದಾರಿಯೂ ಗಮನಾರ್ಹ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2018ರ ಆಗಸ್ಟ್‌ನಲ್ಲಿ ಪ್ರಕಟಿಸಿ ಅದೇ ಡಿಸೆಂಬರ್ 1ರಿಂದ ಜಾರಿಗೆ ತಂದ ನಿಯಮಗಳು ಕಣ್ಣಳತೆಯ ಹಾರಾಟಕ್ಕಷ್ಟೇ ಸೀಮಿತವಾಗಿದ್ದವು. 2019ರಲ್ಲಿ ದೂರ ಹಾರಾಟದ ಪ್ರಯೋಗಗಳಿಗೆ ಆಸಕ್ತರಿಂದ ಪ್ರಸ್ತಾವ ಕೇಳಲಾಯಿತು. 20 ಸಂಸ್ಥೆಗಳಿಗೆ ಒಪ್ಪಿಗೆ ಸಿಗುವ ಹೊತ್ತಿಗೆ 2021ರ ಮೇ ಬಂದಿತ್ತು. ಆ ವರ್ಷ ಮಾರ್ಚ್‌ನಲ್ಲಿ ಹೊರಬಿದ್ದ ನಿಯಮಾವಳಿ ಎಷ್ಟು ಜಟಿಲವಾಗಿತ್ತೆಂದರೆ ಐದೇ ತಿಂಗಳಲ್ಲಿ ಸರ್ಕಾರವೇ ಅದನ್ನು ಬದಿಗಿಟ್ಟು, ಆಗಸ್ಟ್ 25ರಂದು ಹೊಸ ನಿಯಮಗಳನ್ನು ತಂದಿತು. ನಮೂನೆಗಳು 25ರಿಂದ 5ಕ್ಕೆ, ಶುಲ್ಕದ ಬಗೆಗಳು 72ರಿಂದ 4ಕ್ಕೆ ಇಳಿದವು. ಸೆಪ್ಟೆಂಬರ್‌ನಲ್ಲಿ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ ನಕ್ಷೆ ಬಂತು. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಲು ಅನುಮತಿಯೇ ಬೇಡ. ಹಳದಿಗೆ ವಿಮಾನ ಸಂಚಾರ ನಿಯಂತ್ರಣದ ಒಪ್ಪಿಗೆ, ಕೆಂಪಿಗೆ ಕೇಂದ್ರ ಸರ್ಕಾರದ ಒಪ್ಪಿಗೆ. ಸರ್ಕಾರಿ ಕಾಗದಪತ್ರದ ಅನುಭವವಿರುವ ಯಾರಿಗಾದರೂ ಇದು ದೊಡ್ಡ ಸುಧಾರಣೆ ಎನಿಸಬೇಕು. ಆದರೆ ನಕ್ಷೆ ಹೇಳುವುದು ಎಲ್ಲಿ ಹಾರಬಹುದು ಎಂದು. ಎಷ್ಟು ದೂರ, ಯಾವ ಸುರಕ್ಷತೆಯೊಂದಿಗೆ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ.

ಪ್ರಯೋಗಗಳಿಗೇನೂ ಕೊರತೆಯಾಗಲಿಲ್ಲ. 2021ರ ಜೂನ್‌ನಲ್ಲಿ ಗೌರಿಬಿದನೂರಿನ ಬಳಿ ಬೆಂಗಳೂರಿನ ಥ್ರಾಟಲ್ ಏರೋಸ್ಪೇಸ್ ಸಂಸ್ಥೆ ಔಷಧ ಸಾಗಣೆಯ ಡ್ರೋನ್‌ಗಳನ್ನು ಪರೀಕ್ಷಿಸಿತು. ಒಂದು ಮಾದರಿ ಒಂದು ಕೆ.ಜಿ. ಹೊತ್ತು 15 ಕಿ.ಮೀ., ಇನ್ನೊಂದು ಎರಡು ಕೆ.ಜಿ. ಹೊತ್ತು 12 ಕಿ.ಮೀ. ಸಾಗಬಲ್ಲದ್ದು. ಅದೇ ವರ್ಷ ನವೆಂಬರ್ 13ರಂದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ತನ್ನ ಎಂಟು ರೆಕ್ಕೆಯ ಡ್ರೋನ್‌ನಲ್ಲಿ ಚಂದಾಪುರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಾರಗದ್ದೆಯ ಕೇಂದ್ರಕ್ಕೆ ಕೋವಿಡ್ ಲಸಿಕೆಯ 50 ಸೀಸೆಗಳನ್ನು ಹತ್ತೇ ನಿಮಿಷದಲ್ಲಿ ತಲುಪಿಸಿತು. ಮಣಿಪುರದಲ್ಲಿ ಲೋಕ್ತಕ್ ಸರೋವರದ ಕರಂಗ್ ದ್ವೀಪಕ್ಕೆ ಲಸಿಕೆ ಹಾರಿತು, ತೆಲಂಗಾಣದ ವಿಕಾರಾಬಾದಿನಲ್ಲಿ ಔಷಧ ಹಾರಿತು. ಪತ್ರಿಕೆಗಳಲ್ಲಿ ಚಿತ್ರ ಬಂತು, ಸಚಿವರು ಚಪ್ಪಾಳೆ ತಟ್ಟಿದರು. ಚಂದಾಪುರದಿಂದ ಹಾರಗದ್ದೆಗೆ ಅಂದು ಹಾರಿದ್ದನ್ನು ದಿನನಿತ್ಯದ ಸೇವೆಯಾಗಿಸುವ ಮುಂದಿನ ಹೆಜ್ಜೆಯನ್ನು ಮಾತ್ರ ಕಾನೂನು ಸ್ಪಷ್ಟಪಡಿಸಲಿಲ್ಲ.

ಹಾಗೆಂದು, ಷರತ್ತುಗಳನ್ನೆಲ್ಲ ಕಿತ್ತುಹಾಕಿ ಎಲ್ಲರಿಗೂ ಆಕಾಶ ತೆರೆದುಬಿಡಿ ಎನ್ನುವ ಉದ್ಯಮದ ವಾದವನ್ನು ಒಪ್ಪಲಾಗದು. ಒಪ್ಪಲಾಗದೆಂಬುದಕ್ಕೆ ಸಾಕ್ಷಿಯೂ ಚಳ್ಳಕೆರೆಯ ಸುತ್ತಮುತ್ತಲೇ ಇದೆ. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ, ಆಗ ರುಸ್ತುಂ-2 ಎಂದು ಹೆಸರಾಗಿದ್ದ ಇದೇ ತಪಸ್ ವಿಮಾನ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು, ಸುಭದ್ರಾ ಹಡಗಿನ ಯಶಸ್ಸಿಗೆ ಎರಡು ತಿಂಗಳು ತುಂಬುತ್ತಲೇ, ಮತ್ತೊಂದು ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಬಳಿ ನೆಲಕ್ಕಪ್ಪಳಿಸಿತು. ಎರಡು ಸಲವೂ ಜೀವಹಾನಿಯಾಗಲಿಲ್ಲ. ಪರೀಕ್ಷೆ ಎಂದಮೇಲೆ ಬೀಳುವುದು ಸಹಜ, ಬೀಳಲೆಂದೇ ಪರೀಕ್ಷಾ ನೆಲೆಗಳಿರುತ್ತವೆ ಎಂಬುದು ನಿಜವೇ. ಆದರೆ ಬಿದ್ದದ್ದು ನೆಲೆಯ ಗೋಡೆಯೊಳಗಲ್ಲ, ರೈತರ ಜಮೀನಿನಲ್ಲಿ. ದೇಶದ ಅತ್ಯುತ್ತಮ ಎಂಜಿನಿಯರುಗಳು, ರಡಾರು, ನಿಯಂತ್ರಣ ಕೇಂದ್ರ ಎಲ್ಲವೂ ಇದ್ದ ಕಡೆಯೇ ಹೀಗಾಗುವುದಾದರೆ, ಮೂರು ಜನರ ಸಿಬ್ಬಂದಿಯ ನವೋದ್ಯಮವೊಂದು ಮೊಳಕಾಲ್ಮುರಿನ ಸಂತೆಯ ಮೇಲೆ ಹಾರಿಸುವ ಯಂತ್ರದ ಬಗ್ಗೆ ಸರ್ಕಾರ ನಾಲ್ಕು ಪ್ರಶ್ನೆ ಕೇಳುವುದು ಅತಿಯಲ್ಲ.

ಪ್ರಶ್ನೆ ಕೇಳಬೇಕು. ಆದರೆ ಸರಿಯಾದ ಪ್ರಶ್ನೆ ಕೇಳಬೇಕು. ಕಣ್ಣಳತೆಯ ಹಾರಾಟದಲ್ಲಿ ಸುರಕ್ಷತೆಯ ಭಾರವೆಲ್ಲ ಹಾರಿಸುವವನ ಕಣ್ಣಿನ ಮೇಲೆ. ಬೇರೆ ವಿಮಾನ ಬಂತೇ, ಕೆಳಗೆ ಜನ ಸೇರಿದರೇ, ಗಾಳಿ ತಳ್ಳುತ್ತಿದೆಯೇ ಎಂಬುದನ್ನೆಲ್ಲ ಅವನೇ ನೋಡುತ್ತಾನೆ. ದೂರ ಹಾರಾಟದಲ್ಲಿ ಆ ಕಣ್ಣಿನ ಕೆಲಸವನ್ನು ಬೇರೆಯದಕ್ಕೆ ಹಂಚಬೇಕು. ಒಂದು, ಯಂತ್ರ ಮತ್ತು ನಿಯಂತ್ರಕನ ನಡುವಿನ ಸಂಪರ್ಕ. ಅದು ಕಡಿದರೆ ಯಂತ್ರ ತಾನೇ ಹೊರಟಲ್ಲಿಗೆ ಮರಳುವುದೋ, ಮೊದಲೇ ಗುರುತಿಸಿದ ಬಯಲಿನಲ್ಲಿ ಇಳಿಯುವುದೋ ಎಂಬುದು ಹಾರುವ ಮುನ್ನವೇ ತೀರ್ಮಾನವಾಗಿರಬೇಕು. ಮೊಬೈಲ್ ಜಾಲವನ್ನೇ ನೆಚ್ಚಿದ ಡ್ರೋನ್ ಮೊಳಕಾಲ್ಮುರಿನ ಬಂಡೆಗುಡ್ಡಗಳ ನಡುವೆ ಏನಾಗಬಹುದೆಂಬುದನ್ನು, ಆ ರಸ್ತೆಯಲ್ಲಿ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಮಾತನಾಡಲು ಯತ್ನಿಸಿದ ಪ್ರಯಾಣಿಕ ಹೇಳಬಲ್ಲ. ಎರಡು, ಅದೇ ಎತ್ತರದಲ್ಲಿ ಹಾರುವ ಬೇರೆ ವಿಮಾನ, ಹೆಲಿಕಾಪ್ಟರುಗಳ ಅರಿವು. ಚುನಾವಣೆಯ ತಿಂಗಳಲ್ಲಿ ಪ್ರತಿ ಹೋಬಳಿಯ ಶಾಲಾ ಮೈದಾನವೂ ಹೆಲಿಪ್ಯಾಡ್ ಆಗುವ ನಾಡು ನಮ್ಮದು. ಮೂರನೆಯದು, ಎಲ್ಲವೂ ಕೈಕೊಟ್ಟು ಬೀಳುವುದೇ ನಿಶ್ಚಯವಾದಾಗ ಎಷ್ಟು ತೂಕ, ಎಷ್ಟು ವೇಗದಲ್ಲಿ, ಯಾರ ಮೇಲೆ ಬೀಳುತ್ತದೆ ಎಂಬುದು.

ಈ ಮೂರನೆಯದೇ ಅತಿ ಮುಖ್ಯ. ನಮ್ಮ ಚರ್ಚೆಯಲ್ಲಿ ಅತಿ ಕಡಿಮೆ ಪ್ರಸ್ತಾಪವಾಗುವುದೂ ಅದೇ. ಜಗತ್ತಿನಾದ್ಯಂತ ನೆಲದ ಅಪಾಯವನ್ನು ಅಳೆಯುವುದು ಜನಸಾಂದ್ರತೆಯಿಂದ. ಅಮೆರಿಕದ ವಿಮಾನಯಾನ ಆಡಳಿತ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ದೂರ ಹಾರಾಟದ ಕರಡು ನಿಯಮವೂ ಜನಸಾಂದ್ರತೆಯ ಆಧಾರದ ಮೇಲೆಯೇ ಪ್ರದೇಶಗಳನ್ನು ವಿಂಗಡಿಸುತ್ತದೆ. ಆ ಅಳತೆಗೋಲು ಹಿಡಿದರೆ ಚಳ್ಳಕೆರೆ, ಮೊಳಕಾಲ್ಮುರಿನ ಹುಲ್ಲುಗಾವಲುಗಳು ಡ್ರೋನ್‌ಗೆ ಹೇಳಿ ಮಾಡಿಸಿದಂತಿವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ, ವರ್ಷದ ಬಹುಪಾಲು ತಿಳಿಯಾದ ಆಕಾಶ, ವಿರಳ ಊರುಗಳು. ಪರೀಕ್ಷಾ ನೆಲೆಗೆ ಈ ಜಾಗ ಆಯ್ಕೆಯಾದುದಕ್ಕೂ ಇಂಥವೇ ಕಾರಣಗಳಿದ್ದಿರಬೇಕು.

ಆದರೆ ಕಾವಲು ಎಂದರೆ ಖಾಲಿ ಜಾಗವಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳ ಮೇವಿಗೆಂದು ಮೀಸಲಾದ ಈ ಬಯಲುಗಳಲ್ಲಿ ಕಾಡುಗೊಲ್ಲರ, ಮ್ಯಾಸನಾಯಕರ ಕುರಿ-ಮೇಕೆಗಳೂ ದೇವರ ಎತ್ತುಗಳೂ ತಲೆಮಾರುಗಳಿಂದ ಮೇದಿವೆ. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬಂದದ್ದು ಈ ಹುಲ್ಲಿನಿಂದ. ಕುರಿಗಾಹಿಗೆ ಜನಗಣತಿಯಲ್ಲಿ ಊರಿನ ವಿಳಾಸವಿದೆ. ಆದರೆ ಅವನ ಹಗಲೆಲ್ಲ ಕಳೆಯುವುದು ನಕ್ಷೆಯಲ್ಲಿ ನಿರ್ಜನ ಎಂದು ತೋರುವ ಬಯಲಿನಲ್ಲಿ. ಬೇಸಿಗೆಯಲ್ಲಿ ಹಿಂಡು ಒಂದು ಕಡೆ, ಶೇಂಗಾ ಕಿತ್ತ ಮೇಲೆ ಹೊಲಗಳಲ್ಲಿ ಮಂದೆ ಕಟ್ಟುವಾಗ ಇನ್ನೊಂದು ಕಡೆ. ಸಾಂದ್ರತೆಯ ಲೆಕ್ಕದಲ್ಲಿ ಅವನು ಇಲ್ಲವೇ ಇಲ್ಲ. ಕೆಳಗೆ ಯಾರೂ ಇಲ್ಲ ಎಂದು ಕಡತದಲ್ಲಿ ಬರೆದುಕೊಂಡು ಹಾರಿದ ಯಂತ್ರ ಬೀಳುವುದು, ಬೀಳುವುದೇ ಆದರೆ, ಅವನ ಹಿಂಡಿನ ನಡುವೆ. ಜನಗಣತಿಯ ಅಂಕಿಗಳ ಜೊತೆಗೆ ಮೇವಿನ ಋತುಮಾನವನ್ನೂ ಸಂತೆ-ಜಾತ್ರೆಗಳ ದಿನಗಳನ್ನೂ ಪರಿಗಣಿಸದ ಯಾವ ಅಪಾಯ ಮೌಲ್ಯಮಾಪನವೂ ಇಲ್ಲಿ ಅಪೂರ್ಣ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯ ದಿನ ಆ ಊರಿನ ಜನಸಾಂದ್ರತೆ ಎಷ್ಟು ಎಂದು ಯಾವ ಉಪಗ್ರಹ ದತ್ತಾಂಶವೂ ಹೇಳುವುದಿಲ್ಲ, ಗ್ರಾಮ ಲೆಕ್ಕಾಧಿಕಾರಿ ಹೇಳುತ್ತಾನೆ.

ಈ ನೆಲದ ಜನರಿಗೆ ಖಾಲಿ ಜಾಗ ಎಂಬ ಮಾತಿನ ಕಹಿ ಅನುಭವ ಮೊದಲೇ ಇದೆ. ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573 ಎಕರೆ ಹಂಚಿಕೆಯಾದ ಮೇಲೆ ಗೋಡೆಗಳು ಎದ್ದವು, ಮೇಯುವ ದಾರಿಗಳು ಮುಚ್ಚಿದವು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಆ ವಿವಾದವನ್ನು ಮತ್ತೆ ಕೆದಕುವುದು ಇಲ್ಲಿನ ಉದ್ದೇಶವಲ್ಲ. ನೆಲವನ್ನು ಕೇಳದೆ ಪಡೆದಂತೆ ಆಕಾಶವನ್ನೂ ಕೇಳದೆ ಪಡೆಯಬಾರದು ಎಂಬುದಷ್ಟೇ ಮಾತು. 2017ರ ಮೇ 28ರಂದು ಅಂದಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಪರೀಕ್ಷಾ ನೆಲೆಯನ್ನು ಉದ್ಘಾಟಿಸಿದಾಗಿನಿಂದ ಇಲ್ಲಿ ಏನೆಲ್ಲ ಹಾರಿದೆ! ರೆಕ್ಕೆಯೇ ದೇಹವಾದ ಸ್ವಯಂಚಾಲಿತ ವಿಮಾನ 2022ರಲ್ಲಿ ಹಾರಿತು. 2023ರ ಏಪ್ರಿಲ್‌ನಲ್ಲಿ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕೈಬಿಟ್ಟು ಇದೇ ಓಡುದಾರಿಯಲ್ಲಿ ಇಳಿಸಿತು; 2024ರಲ್ಲಿ ಮತ್ತೆರಡು ಬಾರಿ ಆ ಪ್ರಯೋಗ ನಡೆಯಿತು. ಇವೆಲ್ಲದರ ಸದ್ದು ಕೇಳಿದ ಊರುಗಳಿಗೆ ಈ ತಂತ್ರಜ್ಞಾನದ ಒಂದು ಸಣ್ಣ ಪಾಲಾದರೂ ದಕ್ಕಬೇಡವೇ?

ಏನು ದಕ್ಕಬಹುದು? ಮೊಳಕಾಲ್ಮುರು ಆಂಧ್ರದ ಗಡಿಗೆ ಒತ್ತಿಕೊಂಡ ತಾಲ್ಲೂಕು. ಜಿಲ್ಲಾ ಕೇಂದ್ರ ಚಿತ್ರದುರ್ಗ ಬಹಳ ದೂರ. ತುರ್ತಾದಾಗ ಜನ ಬಳ್ಳಾರಿಯ ಕಡೆಗೇ ಓಡುತ್ತಾರೆ. ಶೇಂಗಾ ಹೊಲದ ಸೀಮೆಯಲ್ಲಿ ಹಾವು ಕಡಿತ ಅಪರೂಪವಲ್ಲ. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ವಿಷನಿರೋಧಕ ಚುಚ್ಚುಮದ್ದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಸದಾ ಸಾಕಷ್ಟು ಇರುವಂತೆ ನೋಡಿಕೊಳ್ಳುವುದು ಕಷ್ಟ. ಒಂದು ಕಡೆ ಇಟ್ಟು ಬೇಕಾದಲ್ಲಿಗೆ ಬೇಗ ಕಳುಹಿಸುವುದು ಸಾಧ್ಯ. ಹೆರಿಗೆಯಲ್ಲಿ ರಕ್ತಸ್ರಾವವಾದಾಗ ಬೇಕಾಗುವ ವಿರಳ ಗುಂಪಿನ ರಕ್ತದ ಮಾತೂ ಅದೇ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2023ರ ಮೇ ತಿಂಗಳಲ್ಲಿ ದೆಹಲಿ ಪ್ರದೇಶದಲ್ಲಿ ರಕ್ತದ ಚೀಲಗಳನ್ನು ಡ್ರೋನಿನಲ್ಲಿ ಕಳುಹಿಸಿ, ಪ್ರಯಾಣದಲ್ಲಿ ರಕ್ತ ಕೆಡುವುದಿಲ್ಲವೆಂದು ಪರೀಕ್ಷಿಸಿ ನೋಡಿದೆ. ಆಫ್ರಿಕಾದ ಪುಟ್ಟ ದೇಶ ರುವಾಂಡದಲ್ಲಿ 2016ರಿಂದಲೇ ಇದು ದಿನನಿತ್ಯದ ಕೆಲಸ.

ಡ್ರೋನ್ ಬಂದರೆ ವೈದ್ಯರಿಲ್ಲದ ಆಸ್ಪತ್ರೆ ಆಸ್ಪತ್ರೆಯಾಗುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಚುಚ್ಚುಮದ್ದು ಆಕಾಶದಿಂದ ಇಳಿದರೂ ಕೊಡುವ ಕೈ ನೆಲದ ಮೇಲೆ ಇರಬೇಕು. ವೈದ್ಯರ ನೇಮಕಾತಿಗೆ ಬದಲಾಗಿ ಡ್ರೋನ್ ತೋರಿಸುವ ಯೋಜನೆಯನ್ನು ಜನ ತಿರಸ್ಕರಿಸಬೇಕು. ಒಂದರ ಕೊರತೆಯನ್ನು ಮುಂದಿಟ್ಟು ಇನ್ನೊಂದನ್ನೂ ಬೇಡವೆನ್ನಲು ಮಾತ್ರ ಕಾರಣ ಕಾಣದು.

ತಾಂತ್ರಿಕ ವಾಸ್ತವವನ್ನೂ ಮರೆಯುವಂತಿಲ್ಲ. ಚಳ್ಳಕೆರೆ–ಮೊಳಕಾಲ್ಮುರು ನಡುವೆ ನೇರ ಗೆರೆ ಎಳೆದರೂ 40 ಕಿ.ಮೀ. ಮೀರುತ್ತದೆ. ಗೌರಿಬಿದನೂರಿನ ಮಾದರಿಗಳಿಗೆ ಅದು ನಿಲುಕದು. ಗಂಟೆಗೆ 36 ಕಿ.ಮೀ. ವೇಗದ, 40 ನಿಮಿಷ ಹಾರಬಲ್ಲ ಚಂದಾಪುರದ ಯಂತ್ರಕ್ಕೂ ಅದು ಅರ್ಧದಾರಿ. ಇಂಥ ದೂರಕ್ಕೆ ಬೇಕಿರುವುದು ನೇರ ಮೇಲೇರಿ ನಂತರ ವಿಮಾನದಂತೆ ರೆಕ್ಕೆಯ ಬಲದಲ್ಲಿ ಸಾಗುವ ಬಗೆಯ ಡ್ರೋನ್. ಅವು ವೇಗವಾಗಿ, ದೂರ ಹೋಗುತ್ತವೆ; ಬಿದ್ದರೆ ಪೆಟ್ಟೂ ಜೋರು. ಜೊತೆಗೆ ಚಿತ್ರದುರ್ಗ ಗಾಳಿಯ ಜಿಲ್ಲೆ. ಇಲ್ಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲೇ ಇದೆ. ಹಸಿರು ವಲಯದ ಮಿತಿಯಾದ 400 ಅಡಿ ಎಂದರೆ ಸುಮಾರು 120 ಮೀಟರ್. ಈಚಿನ ಗಾಳಿಯಂತ್ರಗಳ ರೆಕ್ಕೆಯ ತುದಿ ಅದನ್ನು ದಾಟಿ ಮೇಲೆ ಹೋಗುತ್ತದೆ. ನಕ್ಷೆಯಲ್ಲಿ ಹಸಿರಾಗಿರುವ ಜಾಗದಲ್ಲೇ ಅಡ್ಡಿ ನಿಂತಿದೆ ಎಂದಾಯಿತು. ಪಾವಗಡದ ಸೌರ ಉದ್ಯಾನದಿಂದ ಹೊರಟ ವಿದ್ಯುತ್ ಮಾರ್ಗಗಳೂ ಈ ಸೀಮೆಯಲ್ಲಿ ಹೊಸದಾಗಿ ಸೇರಿಕೊಂಡಿವೆ. ಗಾಳಿಯಂತ್ರ, ವಿದ್ಯುತ್ ಗೋಪುರ, ಮೊಬೈಲ್ ಸ್ತಂಭಗಳ ನಿಖರ ಎತ್ತರವನ್ನು ಡಿಜಿಸಿಎ ನಕ್ಷೆಗೆ ಸೇರಿಸುವ ಹೊಣೆ ಯಾರದೆಂದು ಮೊದಲು ನಿಶ್ಚಯವಾಗಲಿ.

ಹಾಗಾದರೆ ಅನುಮತಿಯ ವಿಧಾನ ಹೇಗಿರಬೇಕು? ಯುರೋಪಿನ ಒಕ್ಕೂಟ ತೋರಿಸಿದ ದಾರಿಯೊಂದಿದೆ. ಅಲ್ಲಿ ಹಾರಾಟಗಳನ್ನು ಅಪಾಯದ ಪ್ರಮಾಣಕ್ಕನುಗುಣವಾಗಿ ಮೂರು ವರ್ಗ ಮಾಡಿ, ನಡುವಿನ ವರ್ಗಕ್ಕೆ ಮೊದಲೇ ಸಿದ್ಧಪಡಿಸಿದ ಮಾದರಿ ಸನ್ನಿವೇಶಗಳನ್ನು ಕೊಟ್ಟಿದ್ದಾರೆ. ನಿಮ್ಮ ಹಾರಾಟ ಆ ಮಾದರಿಗೆ ಹೊಂದಿದರೆ ಘೋಷಿಸಿಕೊಂಡು ಹಾರಿ. ಹೊಂದದಿದ್ದರೆ ಅಪಾಯದ ವಿಶ್ಲೇಷಣೆ ಸಲ್ಲಿಸಿ. ಅಮೆರಿಕದವರು 2016ರಿಂದ ನಮ್ಮಂತೆಯೇ ಒಂದೊಂದಾಗಿ ವಿನಾಯಿತಿ ಕೊಡುತ್ತ ಬಂದು, ಅದು ಕೆಲಸಕ್ಕೆ ಬಾರದೆಂದು ಕಂಡುಕೊಂಡು, ಕಡಿಮೆ ಅಪಾಯಕ್ಕೆ ಪರವಾನಗಿ, ಹೆಚ್ಚಿನದಕ್ಕೆ ಪ್ರಮಾಣಪತ್ರ ಎಂಬ ಎರಡು ಹಂತದ ಕರಡನ್ನು ಮುಂದಿಟ್ಟರು. ನಮ್ಮಲ್ಲಿಯೂ ಮಾರ್ಗವೊಂದನ್ನು ಒಮ್ಮೆ ಪರಿಶೀಲಿಸಿ ಒಪ್ಪಿದ ಮೇಲೆ, ಅದೇ ಮಾರ್ಗದಲ್ಲಿ ಅದೇ ಗುಣಮಟ್ಟದ ಯಂತ್ರ ಹಾರಿಸುವ ಯಾರೂ ಮತ್ತೆ ದೆಹಲಿಗೆ ಅಲೆಯಬಾರದು. 2021ರ ನಿಯಮಗಳು ಸರಕು ಸಾಗಣೆಗೆ ಡ್ರೋನ್ ಮಾರ್ಗಗಳನ್ನು ರೂಪಿಸುವ ಆಶಯವನ್ನು ಹೇಳಿಯೇ ಇದ್ದವು. ಅರ್ಜಿಗೆ ಇಂತಿಷ್ಟು ದಿನದಲ್ಲಿ ಉತ್ತರ ಬರಬೇಕು. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಬೇಕು. ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟ ನಾಗರಿಕ ಡ್ರೋನ್ ಮಸೂದೆಯ ಕರಡಿಗೆ ಉದ್ಯಮದಿಂದ ಬಂದ ಟೀಕೆ ಬಹುಪಾಲು ಶಿಕ್ಷೆಯ ಕಠಿಣತೆಯ ಬಗ್ಗೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ದೂರ ಹಾರಾಟಕ್ಕೆ ಅದರಲ್ಲಿ ಎಂಥ ದಾರಿ ಇದೆ ಎಂದು.

ಈ ಮಾದರಿಗಳನ್ನು ಪರೀಕ್ಷಿಸಲು ವರವು ಕಾವಲಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ಓಡುದಾರಿ ಇದೆ, ರಡಾರ್ ಇದೆ, ಹಾರಾಟವನ್ನು ಅಳೆದು ದಾಖಲಿಸುವ ಪರಿಣತರಿದ್ದಾರೆ. ರಕ್ಷಣಾ ಪರೀಕ್ಷೆಗಳ ನಡುವಿನ ಬಿಡುವಿನ ದಿನಗಳಲ್ಲಿ, ಗೋಪ್ಯತೆಗೆ ಧಕ್ಕೆಯಾಗದಂತೆ, ನಾಗರಿಕ ಡ್ರೋನ್‌ಗಳ ಸಂಪರ್ಕ ಕಡಿತ, ತುರ್ತು ಇಳಿತ, ಪ್ಯಾರಾಚೂಟ್ ಇತ್ಯಾದಿಗಳ ಪರೀಕ್ಷೆಗೆ ಈ ನೆಲೆಯನ್ನು ಬಾಡಿಗೆಗೆ ತೆರೆಯಲು ರಕ್ಷಣಾ ಸಚಿವಾಲಯ ಮನಸ್ಸು ಮಾಡಬೇಕು. ಇಲ್ಲಿ ತೇರ್ಗಡೆಯಾದ ಯಂತ್ರಕ್ಕೆ ಡಿಜಿಸಿಎ ಮಾನ್ಯತೆ ಕೊಡಬೇಕು. ಬೆಂಗಳೂರಿನ ನವೋದ್ಯಮಗಳಿಗೆ ಇದು ಇನ್ನೂರು ಕಿ.ಮೀ. ದೂರದ ಪ್ರಯಾಣ, ಅಷ್ಟೆ.

ಇನ್ನು ಪರಿಹಾರದ ಮಾತು. ಅತಿ ಪುಟ್ಟ ನ್ಯಾನೊ ವರ್ಗವನ್ನು ಬಿಟ್ಟರೆ ಉಳಿದ ಡ್ರೋನ್‌ಗಳಿಗೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಮೋಟಾರು ವಾಹನ ಕಾಯ್ದೆಯ ಅಂಶಗಳೇ ಅದಕ್ಕೂ ಅನ್ವಯ. ಮೋಟಾರು ವಾಹನ ಪ್ರಕರಣಗಳ ಪರಿಹಾರಕ್ಕಾಗಿ ಕೋರ್ಟಿನ ಕಟ್ಟೆಯಲ್ಲಿ ವರ್ಷಗಟ್ಟಲೆ ಕಾಯುವವರನ್ನು ಕಂಡವರಿಗೆ ಈ ಭರವಸೆ ಎಷ್ಟು ಗಟ್ಟಿ ಎಂದು ವಿವರಿಸಬೇಕಾಗಿಲ್ಲ. ಸತ್ತ ಕುರಿಗೆ, ಸುಟ್ಟ ಬಣವೆಗೆ ತಹಶೀಲ್ದಾರರ ಹಂತದಲ್ಲೇ ತಿಂಗಳೊಳಗೆ ಪರಿಹಾರ ಸಿಗುವ ಸರಳ ಏರ್ಪಾಡು ಬೇಕು. ಅಪಘಾತವಾದ 48 ಗಂಟೆಯೊಳಗೆ ಡಿಜಿಸಿಎಗೆ ವರದಿ ಮಾಡಬೇಕೆಂದು ನಿಯಮ ಹೇಳುತ್ತದೆ. ಆ ವರದಿಯ ಸಾರಾಂಶ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕದ ಮೇಲೂ ಬರಲಿ. ಹಾರಾಟದ ಮಾರ್ಗ, ವೇಳೆ, ಯಂತ್ರ ಬಿದ್ದುದನ್ನು ಕಂಡರೆ ಯಾರಿಗೆ ಫೋನ್ ಮಾಡಬೇಕು, ಬ್ಯಾಟರಿಯನ್ನು ಏಕೆ ಮುಟ್ಟಬಾರದು ಎಂಬ ವಿವರಗಳೂ ಅಲ್ಲಿರಲಿ. ಡ್ರೋನ್‌ನಲ್ಲಿರುವ ಕ್ಯಾಮೆರಾ ಏನನ್ನು ನೋಡುತ್ತದೆ, ಚಿತ್ರ ಎಲ್ಲಿ ಉಳಿಯುತ್ತದೆ ಎಂದು ಕೇಳುವ ಹಕ್ಕು ಕೆಳಗಿರುವವರಿಗೆ ಇದೆ. ಔಷಧ ಸಾಗಿಸುವ ಯಂತ್ರಕ್ಕೆ ದಾರಿ ಕಾಣುವುದಕ್ಕಿಂತ ಹೆಚ್ಚಿನ ಕ್ಯಾಮೆರಾದ ಅಗತ್ಯವಿಲ್ಲ.

ಆಕಾಶದ ಅನುಮತಿ ದೆಹಲಿಯದಾದರೂ ರಾಜ್ಯ ಸರ್ಕಾರ ಕೈಕಟ್ಟಿ ಕೂರಬೇಕಾಗಿಲ್ಲ. ಆರೋಗ್ಯ ಇಲಾಖೆ ತಾನೇ ಅರ್ಜಿದಾರನಾಗಿ, ಚಳ್ಳಕೆರೆಯಿಂದ ತಳಕು, ರಾಂಪುರ, ಮೊಳಕಾಲ್ಮುರಿನ ಆಸ್ಪತ್ರೆಗಳಿಗೆ ಒಂದು ಪ್ರಾಯೋಗಿಕ ಮಾರ್ಗವನ್ನು ಕೇಳಬಹುದು. ವರ್ಷವಿಡೀ ನಡೆಸಿ, ಎಷ್ಟು ಹಾರಿತು, ಎಷ್ಟು ಸಲ ಹಿಂದಿರುಗಿತು, ಒಂದು ಪೆಟ್ಟಿಗೆಗೆ ಎಷ್ಟು ಖರ್ಚಾಯಿತು, ಆಂಬುಲೆನ್ಸ್ ಕಳುಹಿಸಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕವನ್ನು ವಿಧಾನಮಂಡಲದ ಮುಂದಿಡಬಹುದು. ಖರ್ಚು ಹೆಚ್ಚೆಂದು ಸಾಬೀತಾದರೆ ಕೈಬಿಡಲಿ. ಪೊಲೀಸರಿಗೆ ತರಬೇತಿ ಬೇಕು: ತಾತ್ಕಾಲಿಕವಾಗಿ 96 ಗಂಟೆಯವರೆಗೆ ಒಂದು ಪ್ರದೇಶವನ್ನು ಕೆಂಪು ವಲಯವೆಂದು ಸಾರುವ ಅಧಿಕಾರ ರಾಜ್ಯದ ಕೈಯಲ್ಲಿದೆ, ಗಣ್ಯರೊಬ್ಬರು ಬಂದರೆಂದು ಆ ಅಧಿಕಾರ ಚಲಾಯಿಸುವಾಗ ರಕ್ತದ ಚೀಲ ಹೊತ್ತ ಡ್ರೋನ್‌ಗೆ ವಿನಾಯಿತಿ ಇರಬೇಕು. ಮೊಳಕಾಲ್ಮುರಿನಿಂದ ರಾಯದುರ್ಗ ಹತ್ತಿರ. ಗಾಳಿಗೆ ದಾರಿ ತಪ್ಪಿದ ಯಂತ್ರ ಆಂಧ್ರದ ಹೊಲದಲ್ಲಿ ಇಳಿಯುವ ಸಾಧ್ಯತೆ ಇದ್ದೇ ಇದೆ. ಆದ್ದರಿಂದ ಮಾರ್ಗದ ವಿವರ ಅನಂತಪುರ ಜಿಲ್ಲಾಡಳಿತಕ್ಕೂ ಮೊದಲೇ ಹೋಗಿರಬೇಕು, ಸೂಚನಾ ಫಲಕಗಳು ಗಡಿಯ ಊರುಗಳಲ್ಲಿ ತೆಲುಗಿನಲ್ಲೂ ಇರಬೇಕು.